ಕುಣಿತದ ಸುತ್ತು ಕ್ಯಾನ್ವಾಸಿಗೆ: ಯಾವ ಕುಣಿತ, ಯಾವ ಬಣ್ಣ, ಯಾವ ಅಳತೆ?

ಸುತ್ತು ಕುಣಿತವನ್ನು ಅಮೂರ್ತ ಚಿತ್ರವಾಗಿ, ಅಂದರೆ ಮನುಷ್ಯರ ಆಕಾರವಿಲ್ಲದೆ ಬರಿಯ ಗೆರೆ ಬಣ್ಣಗಳಲ್ಲಿ, ಮಾಡಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕ್ಯಾನ್ವಾಸಿನ ನಡುವೆ ಒಂದು ದೊಡ್ಡ ವೃತ್ತ ಎಳೆಯುತ್ತಾರೆ. ಕುಣಿತ ಅಲ್ಲಿಗೇ ನಿಂತುಬಿಡುತ್ತದೆ. ಕೈವಾರದಲ್ಲಿ ಎಳೆದ ವೃತ್ತಕ್ಕೆ ವೇಗವಿಲ್ಲ, ದಿಕ್ಕಿಲ್ಲ. ಅದರಲ್ಲಿ ಏದುಸಿರು ಬಿಡುವವರಿಲ್ಲ, ಹೆಜ್ಜೆ ತಪ್ಪಿ ಪಕ್ಕದವರಿಗೆ ತಾಗುವವರೂ ಇಲ್ಲ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋದವರಿಗೆ ಇದು ಗೊತ್ತಿರುತ್ತದೆ. ಹಿಂದಿನಿಂದ ಬೆಳಕು ಹೊಮ್ಮುವಂತೆ ಬಳಿದ ಕೆಂಪು ಉಂಡೆಗಳು ಅಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ನೋಡಲು ಚೆನ್ನಾಗಿಯೇ ಇರುತ್ತವೆ, ಆದರೆ ಅವು ಧ್ಯಾನಕ್ಕೆ ಕೂತ ಚಿತ್ರಗಳು. ಚಿತ್ರಕಾರ ಎಸ್.ಎಚ್. ರಝಾ ಬಿಂದುವನ್ನು, ಅಂದರೆ ದುಂಡನೆಯ ಚುಕ್ಕಿಯನ್ನು, ದಶಕಗಳ ಕಾಲ ಹಿಡಿದು ಕೂತದ್ದು ಅದಕ್ಕಾಗಿಯೇ. ಅವರಿಂದ ಬಿಂದುವನ್ನು ಎರವಲು ತಂದು ಅದಕ್ಕೆ ಕೋಲಾಟ ಎಂದು ಹೆಸರಿಟ್ಟರೆ ಬಿಂದು ಕುಣಿಯುವುದಿಲ್ಲ.

ಫ್ರೆಂಚ್ ಚಿತ್ರಕಾರ ಆನ್ರಿ ಮಾತೀಸ್ 1910ರಲ್ಲಿ ಮುಗಿಸಿದ ‘ನೃತ್ಯ’ ಚಿತ್ರವನ್ನು ಗಮನಿಸಿ. ಈಗ ಅದು ರಷ್ಯಾದ ಹರ್ಮಿಟಾಜ್ ಸಂಗ್ರಹಾಲಯದಲ್ಲಿದೆ. ಐದು ಜನ ಕೈ ಕೈ ಹಿಡಿದು ಸುತ್ತುತ್ತಿದ್ದಾರೆ. ಹಸಿರು ನೆಲ, ನೀಲಿ ಬಾನು, ಕೆಂಪು ಮೈಗಳು, ಅಷ್ಟೇ ಬಣ್ಣ. ಚಿತ್ರ ಅಮೂರ್ತವೇನಲ್ಲ. ಆದರೆ ಮುಂಭಾಗದ ಎಡಗಡೆ ಒಂದು ಜೋಡಿ ಕೈ ಬಿಟ್ಟುಹೋಗಿದೆ, ಮುಂದಿನ ಹೆಂಗಸು ಅದನ್ನು ಹಿಡಿಯಲು ಮೈ ಚಾಚಿದ್ದಾಳೆ. ಇಡೀ ಚಿತ್ರ ಓಡುತ್ತಿರುವುದು ಆ ಬಿಟ್ಟ ಜಾಗದಿಂದ. ಆ ಎರಡು ಕೈಗಳನ್ನು ಮನಸ್ಸಿನಲ್ಲೇ ಸೇರಿಸಿ ನೋಡಿ, ಐವರೂ ಥಟ್ಟನೆ ನಿಂತುಬಿಡುತ್ತಾರೆ.

ಹಾಗಾಗಿ ಬಣ್ಣ ಯಾವುದು, ಕ್ಯಾನ್ವಾಸ್ ಎಷ್ಟು ದೊಡ್ಡದು ಎಂಬುದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ ಇದೆ. ಕುಣಿತದಿಂದ ನೀವು ಎತ್ತಿಕೊಳ್ಳುವುದು ಏನನ್ನು? ಕುಣಿಯುವವರು ನೆಲದ ಮೇಲೆ ನಡೆದ ಜಾಡನ್ನೋ, ತಾಳಕ್ಕೆ ಬೀಳುವ ಪೆಟ್ಟನ್ನೋ, ಎಲ್ಲರೂ ಸುತ್ತುತ್ತಿರುವ ಆ ನಡುವನ್ನೋ? ಮೂರನ್ನೂ ಒಂದೇ ಚಿತ್ರದಲ್ಲಿ ತುರುಕಿದರೆ ಗದ್ದಲವಾಗುತ್ತದೆ. ಒಂದನ್ನು ಹಿಡಿದರೆ ಮಿಕ್ಕ ಆಯ್ಕೆಗಳು ತಾವಾಗಿಯೇ ಕಿರಿದಾಗುತ್ತಾ ಬರುತ್ತವೆ.

ಯಾವ ಕುಣಿತ ಏನು ಕೊಡುತ್ತದೆ

ಬೆಂಗಳೂರಿನಲ್ಲಿ ಇರುವವರಿಗೆ ಇದೊಂದು ಅನುಕೂಲ: ಸುತ್ತು ಕುಣಿತ ನೋಡಲು ದೂರ ಹೋಗಬೇಕಾಗಿಲ್ಲ. ನವೆಂಬರಿನ ರಾಜ್ಯೋತ್ಸವಕ್ಕೆ ಬಡಾವಣೆಯ ಮೈದಾನದಲ್ಲಿ ಕೋಲಾಟ, ನವರಾತ್ರಿಗೆ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಗರ್ಬಾ, ಓಣಂ ಬಂದರೆ ಅದೇ ಅಂಗಳದಲ್ಲಿ ಮಲಯಾಳಿ ಹೆಂಗಸರ ತಿರುವಾತಿರಕಳಿ, ವಸಂತನಗರದ ಕೊಡವ ಸಮಾಜದ ಕಾರ್ಯಕ್ರಮಗಳಲ್ಲಿ ಕೊಡಗಿನ ಕುಣಿತಗಳು. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರದಲ್ಲಿ ಜಾನಪದ ತಂಡಗಳು ಬರುತ್ತಲೇ ಇರುತ್ತವೆ. ಮೈಸೂರು ರಸ್ತೆಯಲ್ಲಿ ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವೂ ಇದೆ. ವಾದ್ಯ, ವೇಷ, ಕೋಲುಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು.

ಇವುಗಳಲ್ಲಿ ಜಾಡು ಹಿಡಿಯುವವರಿಗೆ ಜಡೆ ಕೋಲಾಟದಷ್ಟು ಒಳ್ಳೆಯ ಗುರು ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ. ಮೇಲೆ ಒಂದು ಕಡೆ ಕಟ್ಟಿದ ಬಣ್ಣಬಣ್ಣದ ಹಗ್ಗಗಳು ಇಳಿಬಿದ್ದಿರುತ್ತವೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಹಗ್ಗದ ತುದಿ, ಇನ್ನೊಂದು ಕೈಯಲ್ಲಿ ಕೋಲು. ಅರ್ಧ ಜನ ಪ್ರದಕ್ಷಿಣೆಯಾಗಿ, ಅರ್ಧ ಜನ ಅಪ್ರದಕ್ಷಿಣೆಯಾಗಿ ಹೊರಡುತ್ತಾರೆ. ಎದುರಾದವರ ಒಳಗಡೆಯಿಂದ ಒಮ್ಮೆ ನುಸುಳಿ, ಮುಂದಿನವರ ಹೊರಗಡೆಯಿಂದ ಹಾಯುತ್ತಾರೆ. ಕೆಳಗೆ ಕಾಲು ನಡೆದಂತೆ ಮೇಲೆ ಹಗ್ಗ ಜಡೆಯಾಗುತ್ತದೆ. ಆಮೇಲೆ ಅದೇ ಹೆಜ್ಜೆಗಳನ್ನು ಹಿಂದುಮುಂದಾಗಿ ಹಾಕುತ್ತಾ ಜಡೆ ಬಿಚ್ಚುತ್ತಾರೆ. ಒಬ್ಬರು ತಪ್ಪಿದರೂ ಗಂಟು ಬೀಳುತ್ತದೆ, ಆ ಗಂಟು ಎಲ್ಲರ ತಲೆಯ ಮೇಲೆ ಎಲ್ಲರಿಗೂ ಕಾಣುವಂತೆ ನೇತಾಡುತ್ತಿರುತ್ತದೆ.

ಇದನ್ನು ಕಾಗದಕ್ಕೆ ಇಳಿಸುವ ಲೆಕ್ಕ ಸರಳ. ಎಂಟು ಜನ ಇದ್ದಾರೆ ಎನ್ನಿ. ಸರಳವಾದ ಹೆಣಿಗೆಯಲ್ಲಿ ಒಬ್ಬಳು ಒಂದು ಸುತ್ತು ಮುಗಿಸುವುದರೊಳಗೆ ಎದುರು ಬರುವವರನ್ನು 8 ಸಲ ದಾಟುತ್ತಾಳೆ: 4 ಸಲ ಒಳಗಿನಿಂದ, 4 ಸಲ ಹೊರಗಿನಿಂದ. ಅವಳ ಜಾಡು ವೃತ್ತವಲ್ಲ, ನಾಲ್ಕು ಕಡೆ ಒಳಕ್ಕೆ ತಗ್ಗಿ ನಾಲ್ಕು ಕಡೆ ಹೊರಕ್ಕೆ ಉಬ್ಬಿದ ಗೆರೆ. ಎದುರಿನವರ ಜಾಡು ಇದಕ್ಕೆ ತಿರುಗಾಮುರುಗ. ಎರಡನ್ನೂ ಒಂದರ ಮೇಲೊಂದು ಎಳೆದರೆ ಸರಪಳಿ ಬರುತ್ತದೆ. ಎಳೆ ರಂಗೋಲಿ ಹಾಕಿ ಅಭ್ಯಾಸವಿರುವವರಿಗೆ ಈ ಗೆರೆ ಕೈಗೆ ತಾನಾಗಿ ಕೂರುತ್ತದೆ. ಚುಕ್ಕಿಯನ್ನು ಮುಟ್ಟದೆ ಅದರ ಸುತ್ತ ಬಳಸಿಕೊಂಡು ಹೋಗುವುದು, ಗೆರೆ ಕಡಿಯದೆ ಹೊರಟಲ್ಲಿಗೆ ಬರುವುದು ಅವರಿಗೆ ಬೆಳಗಿನ ಕೆಲಸ. ಕಲಾಶಾಲೆಯಲ್ಲಿ ಓದಿ ಬಂದವರಿಗಿಂತ ಅವರ ಕೈ ಇಲ್ಲಿ ಸಲೀಸು.

ಮಾಡಿ ನೋಡುವುದಾದರೆ ಎರಡಡಿ ಚೌಕದ ದಪ್ಪ ಕಾಗದವನ್ನು ನೆಲಕ್ಕೆ ಹಾಸಿ. ಎಂಟು ಚುಕ್ಕಿಗಳನ್ನು ಸುತ್ತಲೂ ಇಟ್ಟುಕೊಳ್ಳಿ, ಅಳತೆಪಟ್ಟಿ ಬೇಡ, ಕಣ್ಣಂದಾಜು ಸಾಕು. ಕಪ್ಪು ಶಾಯಿ ಅದ್ದಿದ ಅಗಲ ಬ್ರಷ್ಷಿನಿಂದ ಮೊದಲನೆಯ ಜಾಡನ್ನು ಒಂದೇ ಉಸಿರಿಗೆ ಎಳೆಯಿರಿ. ಬ್ರಷ್ಷಿನ ಶಾಯಿ ಮುಕ್ಕಾಲು ಸುತ್ತಿಗೆ ಖಾಲಿಯಾಗಿ ಗೆರೆ ಒಣಗಿ ಸಿಗಿಯತೊಡಗುತ್ತದೆ. ಅಲ್ಲಿ ಮತ್ತೆ ಅದ್ದಲು ಕೈ ತುಡಿಯುತ್ತದೆ, ಅದ್ದಬೇಡಿ. ದಣಿದ ಕಾಲಿನ ಹೆಜ್ಜೆ ಹಾಗೇ ಇರುತ್ತದೆ. ಎರಡನೆಯ ಜಾಡನ್ನು ಕೆಮ್ಮಣ್ಣಿನ ಬಣ್ಣದಲ್ಲಿ ಎದುರು ದಿಕ್ಕಿನಿಂದ ತನ್ನಿ. ಕಪ್ಪಿನ ಕೆಳಗೆ ಹಾಯಬೇಕಾದಲ್ಲಿ ಎರಡು ಬೆರಳಗಲ ಮೊದಲೇ ಬ್ರಷ್ ಎತ್ತಿ, ಆಚೆ ಬದಿಯಲ್ಲಿ ಮತ್ತೆ ಊರಿ. ಆ ಖಾಲಿ ಜಾಗಗಳೇ ಮೇಲೆ ಯಾರು ಹೋದರು, ಕೆಳಗೆ ಯಾರು ಹೋದರು ಎಂದು ಹೇಳುತ್ತವೆ.

ಬರಿಯ ಕೋಲಾಟದ ಗುಣ ಬೇರೆ. ಅಲ್ಲಿ ಜಾಡಿಗಿಂತ ಪೆಟ್ಟು ದೊಡ್ಡದು. ಒಳಸುತ್ತು, ಹೊರಸುತ್ತು ಎಂದು ಎರಡು ಸಾಲು ಎದುರುಬದುರಾಗಿ ನಿಂತು ಕುಣಿಯುವಾಗ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಕಿವಿಗೆ ಕೇಳುತ್ತದೆ. ಹತ್ತಿರ ನಿಂತು ನೋಡಿದರೆ ಇನ್ನೊಂದು ತಿಳಿಯುತ್ತದೆ: ಕೋಲು ಕೋಲಿಗೆ ತಾಗುವ ಮುಂಚಿನ ಗಳಿಗೆಯಲ್ಲಿ ಮೈ ಹಿಂದಕ್ಕೆ ವಾಲಿರುತ್ತದೆ, ತಾಗಿದ ಮೇಲೆ ಮುಂದಕ್ಕೆ ಜಾರುತ್ತದೆ. ಆದ್ದರಿಂದ ಪೆಟ್ಟಿನ ಗುರುತು ಚುಕ್ಕಿಯಾಗಿ ಬೀಳದೆ ಬಾಲವಿರುವ ಚುಕ್ಕಿಯಾಗಬೇಕು. ಕೋಲಿನ ತುದಿಯನ್ನೇ ಬಣ್ಣದಲ್ಲಿ ಅದ್ದಿ ಒತ್ತಿ ಎಳೆದರೆ ಅಂಥ ಗುರುತು ಸಿಗುತ್ತದೆ. ಹಾಡಿನ ನಡೆ ಆರರದ್ದಾದರೆ ಆರು ಪೆಟ್ಟಿಗೆ ಒಂದು ದಪ್ಪ ಗುರುತು, ನಾಲ್ಕರದ್ದಾದರೆ ನಾಲ್ಕಕ್ಕೊಂದು. ಹಾಡು ಹಾಕಿಕೊಂಡು ಮಾಡಿದರೆ ಎಣಿಸುವ ಕಷ್ಟವೂ ಇಲ್ಲ.

ಬೀಸು ಕಂಸಾಳೆ ಇಲ್ಲಿಗೆ ಸೇರುತ್ತದೋ ಇಲ್ಲವೋ ಎಂದು ಕೆಲವರು ತಕರಾರು ತೆಗೆಯಬಹುದು. ಮಾದಪ್ಪನ ಗುಡ್ಡರು ಯಾವಾಗಲೂ ಸುತ್ತುಗಟ್ಟಿಯೇ ಕುಣಿಯುವುದಿಲ್ಲ, ನಿಜ. ಆದರೆ ಒಂದು ಕೈಯಲ್ಲಿ ಕಂಚಿನ ಬಟ್ಟಲು ಹಿಡಿದು, ದಾರ ಕಟ್ಟಿದ ಇನ್ನೊಂದು ತಾಳವನ್ನು ಬೀಸಿ ಬೀಸಿ ಬಡಿಯುವಾಗ ಪ್ರತಿಯೊಬ್ಬನ ಸುತ್ತಲೂ ಒಂದೊಂದು ಕಮಾನು ಹುಟ್ಟುತ್ತದೆ. ದೊಡ್ಡದೊಂದು ಸುತ್ತಿನ ಬದಲು ಹತ್ತು ಸಣ್ಣ ಸುತ್ತುಗಳು, ಒಂದಕ್ಕೊಂದು ತಾಗಿಯೂ ತಾಗದಂತೆ. ಸುತ್ತು ಎಂದರೆ ಒಂದೇ ನಡು ಎಂಬ ಅಭ್ಯಾಸ ಬಿಡಿಸಿಕೊಳ್ಳಬೇಕೆನ್ನುವವರು ಇದನ್ನು ನೋಡಬೇಕು. ಡೊಳ್ಳು ಕುಣಿತ ನನಗೆ ಈ ಕೆಲಸಕ್ಕೆ ಅಷ್ಟಾಗಿ ಒದಗಿಲ್ಲ. ಅದರ ಅಬ್ಬರ ಮೈಯನ್ನು ಹಿಡಿಯುತ್ತದೆ, ಕಣ್ಣಿಗೆ ಉಳಿಯುವುದು ಡೊಳ್ಳಿನ ಗಾತ್ರವೇ.

ನಡುವನ್ನು ಹಿಡಿಯಬೇಕಾದವರಿಗೆ ಕೊಡಗು. ಗಂಡಸರ ಬೊಳಕಾಟ್ ದೀಪದ ಸುತ್ತ ನಡೆಯುತ್ತದೆ. ಕುಪ್ಯ ಎಂಬ ಕಪ್ಪು ನಿಲುವಂಗಿ, ಸೊಂಟಕ್ಕೆ ಕೆಂಪು ಚೇಲೆ, ಕೈಯಲ್ಲಿ ಬಿಳಿ ಚೌರಿ, ಜೊತೆಗೆ ದುಡಿ ಎಂಬ ಪುಟ್ಟ ಚರ್ಮವಾದ್ಯದ ಸದ್ದು. ಬಣ್ಣದ ಆಯ್ಕೆ ಅಲ್ಲೇ ಆಗಿಹೋಗಿದೆ. ಕಪ್ಪು, ಕೆಂಪು, ಬಿಳಿ, ನಡುವೆ ದೀಪದ ಹಳದಿ. ಐದನೆಯ ಬಣ್ಣ ಬೇಕೆನ್ನಿಸುವುದಿಲ್ಲ. ಹೆಂಗಸರ ಉಮ್ಮತ್ತಾಟ್‌ನಲ್ಲಿ ನಡುವೆ ನೀರಿನ ಕೊಡ ಹೊತ್ತವಳು ಕಾವೇರಿಯಾಗಿ ನಿಂತಿರುತ್ತಾಳೆ, ಸುತ್ತಲಿನವರು ಕೈಯಲ್ಲಿ ಪುಟ್ಟ ತಾಳ ಹಿಡಿದು ಬಾಗಿ ಬಳುಕುತ್ತಾ ಬರುತ್ತಾರೆ. ಇಲ್ಲಿ ನಡು ಖಾಲಿಯಲ್ಲ, ಅಲ್ಲಿ ನಿಂತವಳಿಗೆ ಭಾರವಿದೆ. ಆ ಭಾರವನ್ನು ಬಣ್ಣದ ದಪ್ಪದಲ್ಲಿ ತೋರಿಸುತ್ತೀರೋ, ಏನನ್ನೂ ಬಳಿಯದೆ ಬಿಟ್ಟು ತೋರಿಸುತ್ತೀರೋ ಎಂಬುದು ನಿಮಗೆ ಬಿಟ್ಟದ್ದು. ನಾನಾದರೆ ಬಿಡುತ್ತೇನೆ.

ಗರ್ಬಾದಲ್ಲೂ ನಡುವೆ ದೀಪವೇ, ತೂತುಗಳಿರುವ ಮಣ್ಣಿನ ಗಡಿಗೆಯೊಳಗೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಅದರ ಬಗ್ಗೆ ಬರೆಯುವವರೂ ಹೆಚ್ಚಾಗಿದ್ದಾರೆ. ಚಿತ್ರಕಾರರಿಗೆ ಅದರಲ್ಲಿ ಸಿಗುವ ದೊಡ್ಡ ಸಂಗತಿ ಸುತ್ತಿನೊಳಗೆ ಸುತ್ತು. ಜನ ಹೆಚ್ಚಾದಂತೆ ಒಂದರ ಹೊರಗೊಂದು ಸುತ್ತು ಕೂಡಿಕೊಳ್ಳುತ್ತಾ ಹೋಗುತ್ತದೆ. ಒಳಗಿನವರು ನಿಧಾನ, ಹೊರಗಿನವರು ಅದೇ ತಾಳಕ್ಕೆ ಹೆಚ್ಚು ದೂರ ಓಡಬೇಕು. ಅಪಾಯವೂ ಅಲ್ಲೇ ಇದೆ. ಘಾಗ್ರಾದ ಕನ್ನಡಿ, ಜರಿ, ಹತ್ತು ಬಣ್ಣಗಳ ಸೆಳೆತಕ್ಕೆ ಬಿದ್ದರೆ ಚಿತ್ರ ಬಟ್ಟೆ ಅಂಗಡಿಯ ಜಾಹೀರಾತಾಗಿ ಹೋಗುತ್ತದೆ. ತಿರುವಾತಿರಕಳಿ ಇದಕ್ಕೆ ಮದ್ದು. ಕೆನೆಬಿಳಿ ಬಟ್ಟೆ, ಹೊನ್ನಿನಂಚು, ನಿಲವಿಳಕ್ಕು ಎಂಬ ಕಂಬದೀಪದ ಬೆಳಕು, ಚಪ್ಪಾಳೆ. ಬಿಳಿಯ ಮೇಲೆ ಬಿಳಿ ಬಳಿಯುವ ಧೈರ್ಯವಿದ್ದರೆ ಅದನ್ನು ಆರಿಸಿಕೊಳ್ಳಿ.

ನೋಡಿಯೋ, ವಿಡಿಯೊ ಇಟ್ಟುಕೊಂಡೋ, ಕುಣಿದೋ

ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಮನೆಗೆ ಬಂದು ನಿಲ್ಲಿಸಿ ನಿಲ್ಲಿಸಿ ಬಿಡಿಸುವುದು ಎಲ್ಲಕ್ಕಿಂತ ಸುಲಭ. ಮೂರರಲ್ಲಿ ಕಡಿಮೆ ಫಲ ಕೊಡುವುದೂ ಅದೇ. ನಿಲ್ಲಿಸಿದ ಚಿತ್ರದಲ್ಲಿ ಕೈಕಾಲು ಸ್ಪಷ್ಟವಾಗಿರುತ್ತವೆ, ಮುಖ ಕಾಣುತ್ತದೆ, ಆಭರಣ ಕಾಣುತ್ತದೆ. ಅಮೂರ್ತಕ್ಕೆ ಇವು ಯಾವುವೂ ಬೇಡ. ವಿಡಿಯೊದಿಂದ ನಿಜವಾಗಿ ಉಪಯೋಗ ಇರುವುದು ಒಂದಕ್ಕೆ: ಸದ್ದು. ಪರದೆ ಮುಚ್ಚಿ ಸದ್ದು ಮಾತ್ರ ಕೇಳುತ್ತಾ ಗುರುತು ಹಾಕುವುದು ಪೆಟ್ಟನ್ನು ಹಿಡಿಯುವವರಿಗೆ ಒಳ್ಳೆಯ ಅಭ್ಯಾಸ.

ಎದುರಿಗೇ ಕೂತು ಬಿಡಿಸುವುದಾದರೆ ದೊಡ್ಡ ಸರಂಜಾಮು ಬೇಡ. ಅಂಗೈಯಗಲದ ಪುಸ್ತಕ, ಮೆತ್ತನೆಯ ಪೆನ್ಸಿಲ್, ಕಣ್ಣು ಕುಣಿತದ ಮೇಲೆ; ಕಾಗದ ನೋಡುವ ಹಾಗಿಲ್ಲ. ಸಂಜೆ ಕಾರ್ಯಕ್ರಮಗಳಲ್ಲಿ ಬೆಳಕು ಕಡಿಮೆ ಇರುವುದು ಇಲ್ಲಿ ವರವೇ. ಮನೆಗೆ ಬಂದು ನೋಡಿದರೆ ಅರ್ಧ ಹಾಳೆಗಳು ಕಸಕ್ಕೆ, ಮಿಕ್ಕವುಗಳಲ್ಲಿ ಒಂದೆರಡು ಗೆರೆ ಮುಂದಿನ ಹಲವು ಚಿತ್ರಗಳಿಗೆ ಸಾಕು. ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿದವರಿಗೆ ಈ ಬಗೆಯ ಗೆರೆ ಎಲ್ಲಿಗೆ ಮುಟ್ಟಬಲ್ಲದು ಎಂದು ಗೊತ್ತು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಅವರು ಲಯ ಮೈಗೆ ಹತ್ತಬೇಕೆಂದು ಕಥಕ್ ಕಲಿತವರು. ಒಂದೇ ಗೆರೆಯಲ್ಲಿ ಕತ್ತು, ಸೊಂಟ, ಹಿಮ್ಮಡಿ ಇಳಿದುಬರುತ್ತವೆ. ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿ ಅವರ ಕೃತಿಗಳಿವೆ. ಬಣ್ಣ ಕೊಳ್ಳಲು ಹೊರಡುವ ಮೊದಲು ಅಲ್ಲಿಗೆ ಒಂದು ಬೆಳಗ್ಗೆ ಕೊಡಿ.

ಇನ್ನು ಕುಣಿದು ಬಿಡಿಸುವುದು. ನಾಚಿಕೆ ಬಿಟ್ಟವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸುತ್ತಿನೊಳಗೆ ಸೇರಿದವರಿಗೆ ಸುತ್ತು ಕಾಣುವುದೇ ಇಲ್ಲ. ಮುಂದಿನವರ ಬೆನ್ನು, ಎದುರಿನವರ ಕೋಲು, ಅಂಚಿನಲ್ಲಿ ಉಜ್ಜಿದಂತೆ ಓಡುವ ದೀಪಗಳು, ಇಷ್ಟೇ ಕಾಣುತ್ತವೆ. ಅಂದರೆ ಒಳಗಿನ ನೋಟದಲ್ಲಿ ಚಿತ್ರ ಅಡ್ಡಗೆರೆಗಳದ್ದು, ವೃತ್ತದ್ದಲ್ಲ. ಸೋನಿಯಾ ಡಿಲೋನೆ ಎಂಬ ಚಿತ್ರಕಾರ್ತಿ 1913ರಲ್ಲಿ ಪ್ಯಾರಿಸ್ಸಿನ ಕುಣಿತದ ಮನೆಯೊಂದನ್ನು ಬಣ್ಣದ ತುಣುಕುಗಳಲ್ಲಿ ಬಿಡಿಸಿದ್ದು ಸುಮಾರು 4 ಮೀಟರ್ ಉದ್ದದ ಪಟ್ಟಿಯಂಥ ಕ್ಯಾನ್ವಾಸಿನ ಮೇಲೆ. ಅದು ಜೋಡಿಗಳು ಕುಣಿಯುವ ಟ್ಯಾಂಗೊ, ಸುತ್ತು ಕುಣಿತವಲ್ಲ. ಆದರೂ ಕುಣಿಯುವವರ ನಡುವೆ ನಿಂತ ಕಣ್ಣಿಗೆ ಉದ್ದನೆಯ ಅಳತೆ ಏಕೆ ಹೊಂದುತ್ತದೆ ಎಂಬುದು ಅದನ್ನು ನೋಡಿದರೆ ತಿಳಿಯುತ್ತದೆ.

ಹೊರಗೆ ಕುರ್ಚಿ ಹಾಕಿ ಕೂತವರಿಗೆ ಸುತ್ತು ಚಪ್ಪಟೆಯಾದ ಮೊಟ್ಟೆಯಂತೆ ಕಾಣುತ್ತದೆ. ಹತ್ತಿರದವರು ದೊಡ್ಡದು, ದೂರದವರು ಚಿಕ್ಕದು. ಅಮೂರ್ತಕ್ಕೆ ಈ ನೋಟ ಅಷ್ಟು ಹಿತವಲ್ಲ, ದೂರ ಹತ್ತಿರಗಳ ಲೆಕ್ಕ ತಲೆ ತಿನ್ನುತ್ತದೆ. ಮೇಲಿನ ನೋಟಕ್ಕೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳು ಹೇಳಿ ಮಾಡಿಸಿದ ಹಾಗಿವೆ. ಮೂರನೆಯದೋ ನಾಲ್ಕನೆಯದೋ ಮಹಡಿಯ ಬಾಲ್ಕನಿಯಿಂದ ಕೆಳಗಿನ ಗರ್ಬಾವನ್ನು ನೋಡಿದರೆ ಮನುಷ್ಯರು ತಲೆಯಷ್ಟೇ ಆಗುತ್ತಾರೆ, ಸುತ್ತು ತನ್ನ ನಿಜವಾದ ಆಕಾರ ತೋರಿಸುತ್ತದೆ. ಸ್ಪೀಕರ್ ಇಟ್ಟ ಕಡೆ ಸ್ವಲ್ಪ ಒತ್ತಿಕೊಂಡು, ಮಕ್ಕಳು ನುಗ್ಗಿದ ಕಡೆ ಹರಿದು, ನೀರಿನ ಕ್ಯಾನ್ ಇರುವ ಮೂಲೆಗೆ ಬಾಲ ಬೆಳೆಸಿಕೊಂಡಿರುತ್ತದೆ. ಆ ಸೊಟ್ಟ ಆಕಾರವನ್ನೇ ಬಿಡಿಸಿ, ನೆಟ್ಟಗೆ ಮಾಡಲು ಹೋಗಬೇಡಿ.

ಅಂದಹಾಗೆ, ದೇವರ ಎದುರು ನಡೆಯುವ ಕುಣಿತಗಳಲ್ಲಿ ಕೇಳದೆ ಕ್ಯಾಮೆರಾ ಹಿಡಿಯಬೇಡಿ. ಬಿಡಿಸುವ ಪುಸ್ತಕಕ್ಕೆ ಸಾಮಾನ್ಯವಾಗಿ ಯಾರೂ ಬೇಡ ಎನ್ನುವುದಿಲ್ಲ, ಪಕ್ಕಕ್ಕೆ ಬಂದು ಇಣುಕಿ ನೋಡುತ್ತಾರೆ ಅಷ್ಟೇ.

ಬಣ್ಣ: ಅಕ್ರಿಲಿಕ್, ಎಣ್ಣೆ, ಶಾಯಿ

ಅಂಗಡಿಯವರನ್ನು ಕೇಳಿದರೆ ಅಕ್ರಿಲಿಕ್ ಎನ್ನುತ್ತಾರೆ, ಹೊಸಬರಿಗೆ ಬಹುಮಟ್ಟಿಗೆ ಅದೇ ಸರಿ. ನೀರಿನಲ್ಲಿ ಕಲಸಬಹುದು, ವಾಸನೆ ಇಲ್ಲ, ತೆಳುವಾಗಿ ಬಳಿದದ್ದು ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ. ಪೆಟ್ಟಿನ ಚಿತ್ರಕ್ಕೆ ಇದು ಬೇಕು. ಒಂದು ಗುರುತಿನ ಮೇಲೆ ಇನ್ನೊಂದು ಬೀಳುವಾಗ ಕೆಳಗಿನದು ಕದಡಬಾರದು, ಕೋಲಿನ ಸದ್ದು ಒಂದಕ್ಕೊಂದು ಕಲೆಸಿಹೋಗದಿರುವ ಹಾಗೆ. ಆದರೆ ಅದೇ ಗುಣ ಜಾಡಿನ ಚಿತ್ರಕ್ಕೆ ಅಡ್ಡಿ. ಉದ್ದನೆಯ ಗೆರೆ ಎಳೆಯುವಾಗ, ಅದರಲ್ಲೂ ಮಾರ್ಚ್, ಏಪ್ರಿಲ್‌ನ ಬೆಂಗಳೂರಿನ ಒಣಹವೆಯಲ್ಲಿ, ಅರ್ಧ ದಾರಿಗೇ ಬಣ್ಣ ಹಿಡಿದುಕೊಳ್ಳುತ್ತದೆ. ತಾರಸಿಯ ಮೇಲೆ ಬಿಸಿಲಿನಲ್ಲಿ ಕೂತರಂತೂ ಬ್ರಷ್ಷಿನಲ್ಲೇ ಗಟ್ಟಿ. ಒಣಗುವುದನ್ನು ತಡೆಯುವ ರಿಟಾರ್ಡರ್ ಎಂಬ ದ್ರವ ಸಿಗುತ್ತದೆ, ಬಣ್ಣಕ್ಕೆ ಸ್ವಲ್ಪವೇ ಬೆರೆಸಬೇಕು. ಹೆಚ್ಚಾದರೆ ಅಂಟಂಟಾಗಿಯೇ ಉಳಿಯುತ್ತದೆ. ಮಳೆಗಾಲದಲ್ಲಿ ಅದು ಬೇಕಾಗುವುದೂ ಇಲ್ಲ. ಇನ್ನೊಂದು ವಿಷಯ, ಅಕ್ರಿಲಿಕ್ ಒಣಗಿದ ಮೇಲೆ ತುಸು ಕಪ್ಪಾಗುತ್ತದೆ. ದೀಪದ ಹಳದಿಯನ್ನು ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿಯೇ ಕಲಸಿಕೊಳ್ಳಿ.

ಎಣ್ಣೆಬಣ್ಣ ದಿನಗಟ್ಟಲೆ, ದಪ್ಪ ಬಳಿದರೆ ವಾರಗಟ್ಟಲೆ ಹಸಿಯಾಗಿರುತ್ತದೆ. ನಡುವಿನ ಬೆಳಕು ಅಂಚಿಗೆ ಹೋಗುತ್ತಾ ಕರಗುವುದನ್ನು ತೋರಿಸಬೇಕಾದರೆ, ಬೊಳಕಾಟ್‌ನ ಕಪ್ಪಿನೊಳಗಿನ ಕಪ್ಪನ್ನು ತರಬೇಕಾದರೆ, ಇದಕ್ಕೆ ಸಾಟಿ ಇಲ್ಲ. ಜಡೆ ಬಿಚ್ಚುವ ಹಾಗೆ, ಬಳಿದದ್ದನ್ನು ಬಟ್ಟೆಯಿಂದ ಒರೆಸಿ, ಚಾಕುವಿನಿಂದ ಕೆರೆದು ಹಿಂದಕ್ಕೆ ಹೋಗುವ ಸೌಕರ್ಯವೂ ಇದರಲ್ಲಿದೆ. ಕೆರೆದಲ್ಲಿ ಉಳಿಯುವ ಮಾಸಲು ಗುರುತೇ ಚೆಂದ. ನಿಯಮ ಒಂದನ್ನು ಮರೆಯಬಾರದು. ಕೆಳಗಿನ ಪದರ ತೆಳು, ಮೇಲೆ ಹೋದಂತೆ ಎಣ್ಣೆ ಹೆಚ್ಚು. ತಲೆಕೆಳಗಾದರೆ ಮುಂದೆ ಬಿರುಕು ಬಿಡುತ್ತದೆ. ತೊಂದರೆ ಮನೆಯದ್ದು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಟರ್ಪಂಟೈನಿನ ವಾಸನೆ ಅಡುಗೆಮನೆವರೆಗೂ ಹೋಗುತ್ತದೆ, ಒಣಗದ ಕ್ಯಾನ್ವಾಸನ್ನು ನಿಲ್ಲಿಸಲು ಜಾಗವಿರುವುದಿಲ್ಲ. ಕಿಟಕಿ ತೆರೆದಿಡಬಹುದಾದ ಬೇರೆ ಕೋಣೆ ಇಲ್ಲದಿದ್ದರೆ ಸದ್ಯಕ್ಕೆ ಬಿಡಿ.

ಶಾಯಿ ಮತ್ತು ನೀರುಬಣ್ಣ ಅಗ್ಗ, ಬೇಗ, ಆದರೆ ಕ್ಷಮೆ ಇಲ್ಲ. ಇಟ್ಟ ಗೆರೆ ಇಟ್ಟದ್ದೇ. ಜಾಡಿನ ಚಿತ್ರಕ್ಕೆ ನಾನು ಯಾರಿಗಾದರೂ ಮೊದಲು ಹೇಳುವುದು ಇದನ್ನೇ, ಏಕೆಂದರೆ ಕುಣಿತದಲ್ಲೂ ಹೆಜ್ಜೆ ಅಳಿಸಲು ಬರುವುದಿಲ್ಲ. ಕಾಗದದಲ್ಲಿ ಮಾತ್ರ ಕಂಜೂಸಿ ಬೇಡ. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ) ಇರಲಿ, ತೆಳು ಹಾಳೆ ನೀರು ಕುಡಿದು ಉಬ್ಬಿ ಗೆರೆಯನ್ನು ತಗ್ಗಿಗೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಾಗದವನ್ನು ಗೋಡೆಗೆ ಒರಗಿಸಿ ಇಟ್ಟರೆ ಬೂಸಲು ಹಿಡಿಯುವುದುಂಟು, ಮಂಚದ ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಲಗಿಸಿ.

ನೆಲವೋ ಈಸೆಲ್ಲೋ, ಚೌಕವೋ ದುಂಡೋ

ಈಸೆಲ್ಲಿನ, ಅಂದರೆ ಕ್ಯಾನ್ವಾಸ್ ನಿಲ್ಲಿಸುವ ಸ್ಟ್ಯಾಂಡಿನ, ಮುಂದೆ ನಿಂತವರ ಕೈ ಭುಜದಿಂದಾಚೆ ಹೋಗುವುದಿಲ್ಲ, ಕಾಲು ಕದಲುವುದಿಲ್ಲ. ಸುತ್ತು ಕುಣಿತಕ್ಕೆ ನೆಲವೇ ಸರಿ ಎನ್ನುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ 1947ರಿಂದ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ ನಾಲ್ಕೂ ಕಡೆಯಿಂದ ಸುತ್ತು ಹಾಕುತ್ತಾ ಬಣ್ಣ ಸುರಿದದ್ದು ಎಲ್ಲರಿಗೂ ಗೊತ್ತಿರುವ ಕತೆ. ಜಪಾನಿನ ಕಾಜುವೊ ಶಿರಾಗಾ ಹಗ್ಗಕ್ಕೆ ಜೋತುಬಿದ್ದು ಕಾಲಿನಿಂದಲೇ ಬಳಿದರು. ಅಷ್ಟು ದೂರ ಹೋಗಬೇಕಾಗಿಲ್ಲ. ಅಂಗಳ ಸಾರಿಸಿ ಬಗ್ಗಿ ರಂಗೋಲಿ ಹಾಕುವ ನಮ್ಮ ಊರಿನಲ್ಲಿ ನೆಲದ ಮೇಲೆ ಬಿಡಿಸುವುದನ್ನು ಅಮೆರಿಕದವರಿಂದ ಕಲಿಯಬೇಕೆಂದೇನೂ ಇಲ್ಲವಲ್ಲ! ಮಂಡಿ ನೋವಿರುವವರು ಗಿಡ್ಡ ಟೀಪಾಯಿಯ ಮೇಲೆ ಹಾಸಿಕೊಂಡು ಸುತ್ತಲೂ ಓಡಾಡುವಷ್ಟು ಜಾಗ ಬಿಟ್ಟುಕೊಂಡರೆ ಸಾಕು. ಸೊಂಟಕ್ಕೂ ಅದು ಒಳ್ಳೆಯದು.

ಆಕಾರದ ವಿಷಯಕ್ಕೆ ಬಂದರೆ, ದುಂಡನೆಯ ಕ್ಯಾನ್ವಾಸ್ ಈಚೆಗೆ ಎಲ್ಲಾ ಕಡೆ ಸಿಗುತ್ತದೆ, ಸುತ್ತು ಕುಣಿತ ಎಂದ ಕೂಡಲೇ ಅದನ್ನೇ ಕೊಳ್ಳಬೇಕೆನಿಸುತ್ತದೆ. ಬೇಡ. ಅಂಚು ಆಗಲೇ ವೃತ್ತವಾಗಿದ್ದರೆ ಒಳಗೆ ನೀವು ಏನೇ ಮಾಡಿದರೂ ಅದು ತಟ್ಟೆಯ ಅಲಂಕಾರ. ಚೌಕದ ಮೂಲೆಗಳು ಸುತ್ತನ್ನು ತಡೆಯುತ್ತವೆ, ಹಾಗೆ ತಡೆದಾಗಲೇ ಅದರ ಓಟ ಕಾಣುವುದು. ಸುತ್ತಿನ ಒಂದು ಪಾಲು ಚೌಕದಿಂದ ಹೊರಕ್ಕೆ ಹೋಗಿಬಿಡಲಿ, ನೋಡುವವರ ಕಣ್ಣು ಗೋಡೆಯ ಮೇಲೆ ಅದನ್ನು ಪೂರ್ತಿ ಮಾಡಿಕೊಳ್ಳುತ್ತದೆ. ಉದ್ದ ಪಟ್ಟಿ, ಆಗಲೇ ಹೇಳಿದ ಹಾಗೆ, ಒಳಗೆ ನಿಂತು ಕುಣಿದವರಿಗೆ.

ಅಳತೆ ಮೂರಡಿ ಚೌಕಕ್ಕಿಂತ ಚಿಕ್ಕದಾದರೆ ಮಣಿಕಟ್ಟು ಮಾತ್ರ ಆಡುತ್ತದೆ, ನಾಲ್ಕಡಿ ದಾಟಿದರೆ ಲಿಫ್ಟಿನಲ್ಲಿ ಹೋಗುವುದಿಲ್ಲ, ಆಟೋದಲ್ಲಂತೂ ಕೇಳಲೇಬೇಡಿ. ಸಿದ್ಧ ಕ್ಯಾನ್ವಾಸ್ ದುಬಾರಿ ಎನ್ನುವವರು ಚಿಕ್ಕಪೇಟೆಯಲ್ಲಿ ದಪ್ಪನೆಯ ಕೋರಾ ಬಟ್ಟೆ ತಂದು, ಚೌಕಟ್ಟಿಗೆ ಬಿಗಿಯದೆ ನೆಲದ ಮೇಲೆ ಟೇಪು ಹಚ್ಚಿ, ಗೆಸ್ಸೊ (ಬಣ್ಣಕ್ಕಿಂತ ಮೊದಲು ಬಳಿಯುವ ಬಿಳಿ ಲೇಪ) ಎರಡು ಕೈ ಬಳಿದು ಕೆಲಸ ಮಾಡಬಹುದು. ಸುತ್ತಿಟ್ಟರೆ ಬಾಗಿಲ ಹಿಂದೆ ನಿಲ್ಲುತ್ತದೆ. ಚೆನ್ನಾಗಿ ಬಂದದ್ದಕ್ಕೆ ಮಾತ್ರ ಆಮೇಲೆ ಚೌಕಟ್ಟು ಮಾಡಿಸಿ. ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಹೆಚ್ಚುವರಿ ಬಿಟ್ಟುಕೊಂಡಿರಬೇಕು.

ಸಹಿ ಎಲ್ಲಿ, ಹೆಸರು ಏನು

ನೆಲದ ಮೇಲೆ ಸುತ್ತಲೂ ಓಡಾಡಿ ಬಿಡಿಸಿದ ಚಿತ್ರಕ್ಕೆ ಮೇಲು ಕೆಳಗು ಇರುವುದಿಲ್ಲ. ಗೋಡೆಗೆ ಒರಗಿಸಿ, ಒಂದೊಂದು ದಿನ ಒಂದೊಂದು ಬದಿ ಮೇಲೆ ಬರುವಂತೆ ತಿರುಗಿಸಿಡಿ. ಒಂದು ಬದಿಯಲ್ಲಿ ನಿಂತಾಗ ಎಲ್ಲಾ ಭಾರ ಕೆಳಗೆ ಕುಸಿದಂತೆ ಕಂಡರೆ ಆ ಕಡೆ ಇನ್ನೂ ಕೆಲಸ ಬಾಕಿ ಇದೆ. ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದು ನೋಡುವುದೂ ಉಪಯೋಗಕ್ಕೆ ಬರುತ್ತದೆ. ಬಣ್ಣ ಮರೆಯಾದಾಗ ಓಟ ಉಳಿದಿದೆಯೇ ಇಲ್ಲವೇ ತಕ್ಷಣ ಗೊತ್ತಾಗುತ್ತದೆ. ಇಂಥ ಚಿತ್ರಕ್ಕೆ ಮುಂದೆ, ಬಲಗಡೆ ಕೆಳಗೆ ಸಹಿ ಹಾಕಿದಿರೋ, ಚಿತ್ರಕ್ಕೆ ಒಂದು ಕೆಳಗು ಹುಟ್ಟಿಬಿಡುತ್ತದೆ. ಹಿಂಬದಿಗೆ ಹಾಕಿ. ಪ್ರದರ್ಶನಕ್ಕೆ ಕೊಡುವಾಗ ಮುಂದೆ ಸಹಿ ಕೇಳುವವರಿದ್ದಾರೆ, ಆಗ ಅಂಚಿನ ದಪ್ಪದ ಮೇಲೆ ಹಾಕಬಹುದು.

ಹೆಸರಿನಲ್ಲೂ ಎರಡು ಪಂಗಡ. ‘ಲಯ 7’, ‘ಚಲನೆ 12’ ಎಂದು ಅಂಕಿ ಹಾಕುವವರು ಒಂದು ಕಡೆ, ಕುಣಿತದ ಹೆಸರನ್ನೇ ಇಡುವವರು ಇನ್ನೊಂದು ಕಡೆ. ನಾನು ಎರಡನೆಯವರ ಕಡೆ. ಉಮ್ಮತ್ತಾಟ್ ನೋಡಿ ಮಾಡಿದ ಚಿತ್ರಕ್ಕೆ ಹಿಂಬದಿಯಲ್ಲಿ ಉಮ್ಮತ್ತಾಟ್ ಎಂದು, ಎಲ್ಲಿ ನೋಡಿದ್ದು, ಯಾವ ತಿಂಗಳು ಎಂದು ಬರೆದಿಡಿ. ಕೊಂಡವರಿಗೆ ಕೇಳುವ ಮನಸ್ಸಿದ್ದರೆ ತಿರುಗಿಸಿ ಓದಿಕೊಳ್ಳುತ್ತಾರೆ, ಇಲ್ಲವಾದರೆ ಸೋಫಾದ ಬಣ್ಣಕ್ಕೆ ಹೊಂದುವ ಬದಿಯನ್ನು ಮೇಲೆ ಮಾಡಿ ತೂಗುಹಾಕಿಕೊಳ್ಳುತ್ತಾರೆ. ತೂಗುಹಾಕುವ ಕೊಕ್ಕೆಯನ್ನು ನಾಲ್ಕೂ ಬದಿಗೆ ಹಾಕಿಸಿ ಕೊಟ್ಟರಾಯಿತು, ಚೌಕಟ್ಟು ಮಾಡುವವರು ಅದಕ್ಕೆ ಹೆಚ್ಚೇನೂ ಕೇಳುವುದಿಲ್ಲ.